ವಿಮಾನ ನಿಲ್ದಾಣದಲ್ಲಿ ಖಾಸಗಿ ವಿಮಾನ ಇರಿಸಲು ಬೇಕಾದ ವಿಮೆ: ಅಮೆರಿಕದ ಪದ್ಧತಿ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಸ್ವಂತ ಬಳಕೆಯ ಸಣ್ಣ ವಿಮಾನವನ್ನು ಸಾರ್ವಜನಿಕ ನಿಲ್ದಾಣದಲ್ಲಿ ಇರಿಸಿಕೊಳ್ಳುವವರು ವಿಮೆಯ ದಾಖಲೆ ಹಾಜರುಪಡಿಸಬೇಕಾಗುತ್ತದೆ. ಈ ನಿಬಂಧನೆ ಬಹುಮಟ್ಟಿಗೆ ವಾಯುಯಾನ ಕಾನೂನಿನಿಂದ ಬಂದದ್ದಲ್ಲ, ನಿಲ್ದಾಣ ಬರೆಸಿಕೊಳ್ಳುವ ಬಾಡಿಗೆ ಕರಾರಿನಿಂದ ಬಂದದ್ದು. ಹಾಗಾಗಿ ಅದು ಕಾಪಾಡುವುದು ಮೊದಲಿಗೆ ಜಾಗ ಕೊಟ್ಟ ನಿಲ್ದಾಣವನ್ನು, ಆಮೇಲೆ ಅಕ್ಕಪಕ್ಕದವರನ್ನು. ಮಾಲೀಕನ ವಿಮಾನಕ್ಕೆ ಅದರಿಂದ ರಕ್ಷಣೆ ಸಿಗುವುದಿಲ್ಲ. ಹೊಸದಾಗಿ ವಿಮಾನ ಕೊಂಡವರು ಹೆಚ್ಚಾಗಿ ಎಡವುವುದು ಇಲ್ಲಿಯೇ.

ಅಮೆರಿಕದ ಕೇಂದ್ರ ವಾಯುಯಾನ ಸಂಸ್ಥೆ ಎಫ್‌ಎಎ ವಿಮಾನವನ್ನು ನೋಂದಾಯಿಸುತ್ತದೆ, ಅದರ ಹಾರಾಟ ಯೋಗ್ಯತೆಗೆ ಪ್ರಮಾಣಪತ್ರ ಕೊಡುತ್ತದೆ, ಪೈಲಟ್‌ಗೆ ಪರವಾನಗಿ ಕೊಡುತ್ತದೆ. ಆದರೆ ಸ್ವಂತಕ್ಕೆ ಹಾರಿಸುವವನನ್ನು ವಿಮೆ ಇದೆಯೇ ಎಂದು ಕೇಳುವುದಿಲ್ಲ. ಹಣ ಪಡೆದು ಪ್ರಯಾಣಿಕರನ್ನು ಒಯ್ಯುವ ಸಂಸ್ಥೆಗಳ ಪಾಡು ಬೇರೆ. ಅವುಗಳಿಗೆ ಕನಿಷ್ಠ ವಿಮೆ ಎಷ್ಟಿರಬೇಕೆಂದು ಕೇಂದ್ರದ ನಿಯಮಾವಳಿಯ 205ನೇ ಭಾಗ ಹೇಳುತ್ತದೆ. ಭಾರತದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಥರ್ಡ್ ಪಾರ್ಟಿ ವಿಮೆ ಇಲ್ಲದ ಸ್ಕೂಟರ್ ಬೀದಿಗಿಳಿಯುವಂತಿಲ್ಲ. ಅಮೆರಿಕದಲ್ಲಿ ನಾಲ್ಕು ಆಸನದ ವಿಮಾನ ಯಾವ ವಿಮೆಯೂ ಇಲ್ಲದೆ ಆಕಾಶಕ್ಕೇರಿದರೆ ಕೇಂದ್ರ ಕಾನೂನಿನಲ್ಲಿ ಅದಕ್ಕೆ ಅಡ್ಡಿಯಿಲ್ಲ.

ಕೆಲವು ರಾಜ್ಯಗಳು ಮಾತ್ರ ತಮ್ಮದೇ ಕಾನೂನು ಮಾಡಿಕೊಂಡಿವೆ. ಇವುಗಳಲ್ಲಿ ಮಿನೆಸೋಟದ ಕಾನೂನು ಸ್ಪಷ್ಟವಾದದ್ದು. ಅಲ್ಲಿ ನೋಂದಣಿಯಾಗುವ ವಿಮಾನಕ್ಕೆ ಪ್ರಯಾಣಿಕರ ಪ್ರತಿ ಆಸನಕ್ಕೆ 1 ಲಕ್ಷ ಡಾಲರ್, ಹೊರಗಿನವರ ಗಾಯ ಅಥವಾ ಸಾವಿಗೆ ಒಂದು ಅವಘಡಕ್ಕೆ 3 ಲಕ್ಷ ಡಾಲರ್‌ಗೆ ಕಡಿಮೆಯಿಲ್ಲದ ಹೊಣೆಗಾರಿಕೆ ವಿಮೆ ಇರಬೇಕು. ಬಹುಪಾಲು ರಾಜ್ಯಗಳಲ್ಲಿ ಇಂಥ ಕಡ್ಡಾಯವಿಲ್ಲದಿರುವುದರಿಂದ ಕೊನೆಗೆ ವಿಮೆಯ ಕಾಗದ ಕೇಳುವುದು ನಿಲ್ದಾಣದ ಕಚೇರಿಯೇ.

ಅಮೆರಿಕದಲ್ಲಿ ಸಾರ್ವಜನಿಕರ ಬಳಕೆಗೆ ತೆರೆದ ವಿಮಾನ ನಿಲ್ದಾಣಗಳು ಸುಮಾರು 5,000 ಇವೆ. ದೊಡ್ಡವೂ ನಡುಗಾತ್ರದವೂ ಹೆಚ್ಚಾಗಿ ನಗರಸಭೆ, ಕೌಂಟಿ ಅಥವಾ ಪ್ರತ್ಯೇಕ ಪ್ರಾಧಿಕಾರದ ಒಡೆತನದವು. ಅವಘಡವಾದಾಗ ಗಾಯಗೊಂಡವರ ವಕೀಲರು ಪೈಲಟ್‌ನೊಬ್ಬನ ಮೇಲೆ ದಾವೆ ಹೂಡಿ ಸುಮ್ಮನಾಗುವುದಿಲ್ಲ. ರನ್‌ವೇಯ ನಿರ್ವಹಣೆ, ದೀಪಗಳು, ಬೇಲಿ ದಾಟಿ ಬಂದ ಜಿಂಕೆ, ಹೀಗೆ ಯಾವುದಾದರೊಂದು ನೆಪದಲ್ಲಿ ನಿಲ್ದಾಣವನ್ನೂ ಪ್ರತಿವಾದಿಯಾಗಿ ಎಳೆಯುತ್ತಾರೆ. ತಪ್ಪಿಲ್ಲವೆಂದು ಸಾಬೀತಾದರೂ ವಕೀಲರ ಶುಲ್ಕ ತಪ್ಪುವುದಿಲ್ಲ. ಈ ಭಾರವನ್ನು ಬಾಡಿಗೆದಾರನ ವಿಮಾ ಕಂಪನಿಯ ಹೆಗಲಿಗೆ ದಾಟಿಸುವುದೇ ಕರಾರಿನ ವಿಮಾ ಷರತ್ತುಗಳ ಉದ್ದೇಶ.

ಕರಾರುಗಳಲ್ಲಿ ಸಾಮಾನ್ಯವಾಗಿ ಕಾಣುವ ಮೊತ್ತ ಒಂದು ಅವಘಡಕ್ಕೆ 10 ಲಕ್ಷ ಡಾಲರ್. ದೇಹಕ್ಕಾದ ಗಾಯ, ಆಸ್ತಿಗಾದ ಹಾನಿ ಎರಡೂ ಈ ಒಂದೇ ಮಿತಿಯೊಳಗೆ ಸೇರುತ್ತವೆ. ಮೊತ್ತದ ಮುಂದಿನ ಸಾಲನ್ನು ಓದದೆ ಬಿಡುವವರೇ ಹೆಚ್ಚು. ಸಣ್ಣ ವಿಮಾನಗಳ ಬಹುತೇಕ ಪಾಲಿಸಿಗಳಲ್ಲಿ 10 ಲಕ್ಷದ ಒಟ್ಟು ಮಿತಿಯ ಜೊತೆಗೆ ಪ್ರತಿ ಪ್ರಯಾಣಿಕನಿಗೆ 1 ಲಕ್ಷ ಎಂಬ ಒಳಮಿತಿಯೂ ಇರುತ್ತದೆ. ಸೆಸ್ನಾ 172 ವಿಮಾನವೊಂದು ಇಳಿಯುವಾಗ ರನ್‌ವೇಯಿಂದ ಜಾರಿ, ನಿಂತಿದ್ದ ಇನ್ನೊಂದು ವಿಮಾನಕ್ಕೆ ಬಡಿಯಿತೆನ್ನಿ. ಜೊತೆಯಲ್ಲಿದ್ದ ಗೆಳೆಯನಿಗೆ ಆದ ಗಾಯಕ್ಕೆ ನ್ಯಾಯಾಲಯ 4 ಲಕ್ಷ ಡಾಲರ್ ಪರಿಹಾರ ವಿಧಿಸಿದರೆ ಪಾಲಿಸಿ ಕೊಡುವುದು 1 ಲಕ್ಷ ಮಾತ್ರ, ಉಳಿದ 3 ಲಕ್ಷ ಪೈಲಟ್‌ನ ಸ್ವಂತ ಆಸ್ತಿಯ ಮೇಲೆ ಬೀಳುತ್ತದೆ. ನಿಂತಿದ್ದ ವಿಮಾನಕ್ಕೆ 2 ಲಕ್ಷದ ಹಾನಿಯಾಗಿದ್ದರೆ ಅದು ಮಾತ್ರ ಒಟ್ಟು ಮಿತಿಯೊಳಗೆ ಪೂರ್ತಿ ಸಂದಾಯವಾಗುತ್ತದೆ. ಒಳಮಿತಿಯಿಲ್ಲದ ಪಾಲಿಸಿಗೆ ಈ ವ್ಯವಹಾರದಲ್ಲಿ ‘ಸ್ಮೂತ್’ ಎಂಬ ಹೆಸರಿದೆ. ಅದರ ಪ್ರೀಮಿಯಂ ಹೆಚ್ಚು; 2019ರ ಸುಮಾರಿಗೆ ವಿಮಾ ಮಾರುಕಟ್ಟೆ ಬಿಗಿಯಾದ ಮೇಲೆ ವಯಸ್ಸಾದ ಪೈಲಟ್‌ಗಳಿಗೆ ಅದು ಸಿಗುವುದೂ ದುಸ್ತರವಾಯಿತು. ಒಳಮಿತಿಯಿರುವ ಪಾಲಿಸಿ ನಡೆಯುತ್ತದೆಯೋ ಇಲ್ಲವೋ ಎಂಬುದನ್ನು ಕರಾರು ಹೇಳದಿದ್ದರೆ, ಸಹಿಗೆ ಮುಂಚೆಯೇ ನಿಲ್ದಾಣದಿಂದ ಬರಹದಲ್ಲಿ ಕೇಳಿ ತಿಳಿದುಕೊಳ್ಳುವುದು ಕ್ಷೇಮ.

ವಿಮೆ ಇದೆಯೆಂದು ತೋರಿಸಲು ನಿಲ್ದಾಣಕ್ಕೆ ಸಲ್ಲುವುದು ಪಾಲಿಸಿಯಲ್ಲ, ಒಂದು ಹಾಳೆಯ ವಿಮಾ ಪ್ರಮಾಣಪತ್ರ. ಮಾಲೀಕನ ಹೆಸರು, ಎನ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ, ವಿಮಾನದ ಮಾದರಿ, ಪಾಲಿಸಿ ಶುರುವಾಗುವ ಮತ್ತು ಮುಗಿಯುವ ದಿನಾಂಕ, ಮೊತ್ತಗಳು, ಕೆಳಗಿನ ಮೂಲೆಯಲ್ಲಿ ನಿಲ್ದಾಣದ ಹೆಸರು ವಿಳಾಸ ಇವಿಷ್ಟು ಅದರಲ್ಲಿರುತ್ತವೆ. ಚಾಲ್ತಿಯಲ್ಲಿರುವ ನಮೂನೆಗಳಲ್ಲಿ ಇದು ಮಾಹಿತಿಗಾಗಿ ಮಾತ್ರ, ಪಡೆದವರಿಗೆ ಇದರಿಂದ ಯಾವ ಹಕ್ಕೂ ಬಾರದು ಎಂಬ ಅರ್ಥದ ಒಕ್ಕಣೆ ಇರುತ್ತದೆ. ಆದ್ದರಿಂದಲೇ ನಿಲ್ದಾಣಗಳು ಬರಿಯ ಪ್ರಮಾಣಪತ್ರಕ್ಕೆ ತೃಪ್ತಿಪಡದೆ, ಪಾಲಿಸಿಗೆ ಅನುಬಂಧ ಹಚ್ಚಿಸಿ ತಮ್ಮನ್ನು ‘ಅಡಿಷನಲ್ ಇನ್ಶೂರ್ಡ್’ ಎಂದು ಸೇರಿಸಲು ಪಟ್ಟು ಹಿಡಿಯುತ್ತವೆ. ಹಾಗೆ ಸೇರಿದ ಮೇಲೆ ಆ ವಿಮಾನದಿಂದಾದ ಅವಘಡದಲ್ಲಿ ನಿಲ್ದಾಣದ ಮೇಲೆ ದಾವೆ ಬಿದ್ದರೆ ವಿಮಾ ಕಂಪನಿ ನಿಲ್ದಾಣದ ಪರವಾಗಿಯೂ ವಾದಿಸಬೇಕು. ನಿಲ್ದಾಣದ ಸ್ವಂತ ಕೆಲಸಗಳಿಂದಾದ ಬೇರೆ ಹಾನಿಗೆ ಈ ಸೌಲಭ್ಯ ಹೊಂದುವುದಿಲ್ಲ.

ಇದರ ಜೊತೆಗೆ ಇನ್ನೂ ಮೂರು ಷರತ್ತುಗಳು ಮತ್ತೆ ಮತ್ತೆ ಕಾಣಸಿಗುತ್ತವೆ. ಪಾಲಿಸಿ ರದ್ದಾಗುವುದಿದ್ದರೆ ವಿಮಾ ಕಂಪನಿ ನಿಲ್ದಾಣಕ್ಕೆ 30 ದಿನ ಮುಂಚಿತವಾಗಿ ತಿಳಿಸಬೇಕು ಎಂಬುದು ಒಂದು. ಪ್ರೀಮಿಯಂ ಕಟ್ಟದೆ ರದ್ದಾಗುವುದಾದರೆ ಸಾಮಾನ್ಯವಾಗಿ 10 ದಿನ. ಎರಡನೆಯದು ‘ಸಬ್ರೋಗೇಶನ್’ ಹಕ್ಕಿನ ತ್ಯಾಗ. ವಿಮಾ ಕಂಪನಿ ತನ್ನ ಗ್ರಾಹಕನಿಗೆ ಪರಿಹಾರ ಕೊಟ್ಟ ಮೇಲೆ, ಹಾನಿಗೆ ಕಾರಣರಾದವರಿಂದ ಆ ಹಣ ವಸೂಲು ಮಾಡುವ ಹಕ್ಕು ಅದಕ್ಕಿದೆ. ನಿಲ್ದಾಣದ ಮೇಲೆ ಆ ಹಕ್ಕನ್ನು ಚಲಾಯಿಸುವುದಿಲ್ಲ ಎಂದು ಅದು ಮೊದಲೇ ಒಪ್ಪಿಕೊಡಬೇಕು. ಇದಕ್ಕೆ ಪ್ರತಿಯಾಗಿ, ನಿಲ್ದಾಣದ ಕಟ್ಟಡ ವಿಮೆಯ ಕಂಪನಿಯೂ ಬಾಡಿಗೆದಾರನ ಬೆನ್ನು ಹತ್ತಬಾರದೆಂದು ಕೇಳುವುದು ನ್ಯಾಯವಾದದ್ದೇ. ಒಂದು ಹೀಟರ್‌ನಿಂದ ಹೊತ್ತಿದ ಬೆಂಕಿ ಸಾಲು ಹ್ಯಾಂಗರ್‌ಗಳನ್ನೇ ಸುಡಬಲ್ಲದು, ಆದರೂ ಕೇಳುವವರು ಕಡಿಮೆ. ಮೂರನೆಯದು, ನಿಲ್ದಾಣಕ್ಕೆ ಬರುವ ಎಲ್ಲ ಕ್ಲೇಮುಗಳ ಹೊಣೆಯನ್ನು ಬಾಡಿಗೆದಾರನೇ ಹೊರಬೇಕೆಂಬ ಮುಚ್ಚಳಿಕೆ. ಹೆಚ್ಚು ಅಪಾಯ ಇರುವುದು ಇದರಲ್ಲಿ. ಕರಾರಿನ ಮೂಲಕ ಮೈಮೇಲೆ ಎಳೆದುಕೊಂಡ ಹೊಣೆಯನ್ನು ಹಲವು ಪಾಲಿಸಿಗಳು ಹೊರಗಿಡುತ್ತವೆ. ವಿಮಾನ ನಿಲ್ದಾಣದ ಕರಾರುಗಳಿಗೆ ಮಾತ್ರ ವಿನಾಯಿತಿ ಕೊಡುವ ಪಾಲಿಸಿಗಳೂ ಇವೆ. ‘ನಿಲ್ದಾಣದ ನಿರ್ಲಕ್ಷ್ಯದಿಂದ ಆದದ್ದನ್ನೂ ಸೇರಿಸಿ’ ಎಂಬಂಥ ಮಾತು ಮುಚ್ಚಳಿಕೆಯಲ್ಲಿದ್ದರೆ, ವಿಮೆ ಕೊಡದ ಹಣವನ್ನು ಬಾಡಿಗೆದಾರ ಕೈಯಿಂದ ತೆರಬೇಕಾಗಬಹುದು.

ಇಷ್ಟೆಲ್ಲ ಕೇಳುವ ನಿಲ್ದಾಣ, ವಿಮಾನದ ಸ್ವಂತ ಹಾನಿಗೆ ವಿಮೆ ಮಾಡಿಸೆಂದು ಹೇಳುವುದು ಅಪರೂಪ. ಇದಕ್ಕೆ ಹಲ್ ವಿಮೆ ಎನ್ನುತ್ತಾರೆ. ಸಾಲ ಮಾಡಿ ಕೊಂಡಿದ್ದರೆ ಬ್ಯಾಂಕು ಅದನ್ನು ಕಡ್ಡಾಯ ಮಾಡುತ್ತದೆ, ಇಲ್ಲವಾದರೆ ಮಾಲೀಕನ ಇಷ್ಟ. ಬಯಲಿನಲ್ಲಿ ನಿಲ್ಲಿಸುವ ಜಾಗಕ್ಕೆ ಟೈ-ಡೌನ್ ಎಂದು ಹೆಸರು: ನೆಲದಲ್ಲಿ ಹುಗಿದ ಕೊಂಡಿಗಳಿಗೆ ಎರಡು ರೆಕ್ಕೆಗಳನ್ನೂ ಬಾಲವನ್ನೂ ಹಗ್ಗ ಅಥವಾ ಸರಪಳಿಯಿಂದ ಬಿಗಿಯುತ್ತಾರೆ. ಇಲ್ಲಿ ನಿಲ್ದಾಣ ಬಾಡಿಗೆಗೆ ಕೊಟ್ಟದ್ದು ನೆಲವನ್ನು, ಕಾವಲನ್ನಲ್ಲ. ಆಲಿಕಲ್ಲು ಬಿದ್ದು ರೆಕ್ಕೆಯ ತಗಡು ತಗ್ಗಾದರೆ ನಷ್ಟ ಮಾಲೀಕನದೇ. 2011ರ ಮಾರ್ಚ್ 31ರಂದು ಫ್ಲೋರಿಡಾದ ಲೇಕ್‌ಲ್ಯಾಂಡ್‌ನಲ್ಲಿ ‘ಸನ್ ಎನ್ ಫನ್’ ವೈಮಾನಿಕ ಮೇಳ ನಡೆಯುತ್ತಿದ್ದಾಗಲೇ ಸುಂಟರಗಾಳಿ ಬೀಸಿ ಕಟ್ಟಿಹಾಕಿದ್ದ ವಿಮಾನಗಳು ಮಗುಚಿಬಿದ್ದವು. 2020ರ ಮಾರ್ಚ್ 3ರ ನಸುಕಿನಲ್ಲಿ ನ್ಯಾಶ್‌ವಿಲ್‌ನ ಜಾನ್ ಸಿ. ಟ್ಯೂನ್ ನಿಲ್ದಾಣದಲ್ಲಿ ಹ್ಯಾಂಗರ್‌ಗಳೇ ಕುಸಿದು ಒಳಗಿದ್ದ ವಿಮಾನಗಳು ನಜ್ಜುಗುಜ್ಜಾದವು. ಇಂಥ ಕಡೆ ಹೊಣೆಗಾರಿಕೆ ವಿಮೆ ಎಷ್ಟಿದ್ದರೂ ಸ್ವಂತ ವಿಮಾನಕ್ಕೆ ಕಾಸೂ ಹುಟ್ಟುವುದಿಲ್ಲ.

ಹಲ್ ವಿಮೆಯಲ್ಲಿ ಮೂರು ಬಗೆ: ಚಲಿಸದೆ ನಿಂತಿರುವಾಗ ಮಾತ್ರ ಅನ್ವಯಿಸುವುದು, ನೆಲದ ಮೇಲೆ ಓಡಾಡುವಾಗಲೂ ಅನ್ವಯಿಸುವುದು, ಹಾರಾಟವನ್ನೂ ಸೇರಿಸಿಕೊಳ್ಳುವುದು. ದುರಸ್ತಿಯಲ್ಲಿರುವ ಅಥವಾ ಮಾಲೀಕ ತಾನೇ ಜೋಡಿಸುತ್ತಿರುವ ವಿಮಾನಕ್ಕೆ ಮೊದಲನೆಯದೇ ಸಾಕು, ಅಗ್ಗವೂ ಹೌದು. ಸಾಮಾನ್ಯವಾಗಿ ವಿಮಾನದ ಬೆಲೆಯನ್ನು ಪಾಲಿಸಿ ಬರೆಯುವಾಗಲೇ ಒಪ್ಪಿಕೊಂಡಿರುತ್ತಾರೆ, ಪೂರ್ತಿ ನಾಶವಾದರೆ ಆ ಮೊತ್ತವೇ ಸಿಗುತ್ತದೆ. ಕಡಿಮೆ ಬೆಲೆ ಬರೆಸಿ ಪ್ರೀಮಿಯಂ ಉಳಿಸಿದವರಿಗೆ ಒಂದು ಪೇಚು ಎದುರಾಗುತ್ತದೆ: ದುರಸ್ತಿ ಮಾಡಬಹುದಾಗಿದ್ದ ವಿಮಾನವನ್ನೂ ಕಂಪನಿ ‘ಪೂರ್ಣ ನಷ್ಟ’ ಎಂದು ಲೆಕ್ಕ ಹಾಕಿ, ಬರೆಸಿದ ಮೊತ್ತ ಕೊಟ್ಟು ವಿಮಾನವನ್ನು ತಾನೇ ಒಯ್ಯಬಹುದು.

ಹ್ಯಾಂಗರ್ ಬಾಡಿಗೆಗೆ ಪಡೆದವರ ಮೇಲೆ ಷರತ್ತುಗಳು ಇನ್ನಷ್ಟು. ವಿಮಾನದ ಪಾಲಿಸಿ ಹ್ಯಾಂಗರ್ ಆವರಣದಲ್ಲಿ ಯಾರಾದರೂ ಜಾರಿಬಿದ್ದುದಕ್ಕೆ ಅನ್ವಯಿಸುತ್ತದೆಯೇ ಎಂದು ನೋಡಬೇಕು, ಇಲ್ಲದಿದ್ದರೆ ಆವರಣದ ಹೊಣೆಗಾರಿಕೆ ವಿಮೆ ಬೇರೆ ಬೇಕು. ಕಾರನ್ನು ಒಳಗಿನ ರ‍್ಯಾಂಪಿನವರೆಗೆ ಓಡಿಸುವವರಿಂದ ವಾಹನ ವಿಮೆಯ ದಾಖಲೆಯನ್ನೂ ಕೇಳುವುದುಂಟು. ನಿಲ್ದಾಣದ ಜಮೀನಿನಲ್ಲಿ ಸ್ವಂತ ಖರ್ಚಿನಿಂದ ಹ್ಯಾಂಗರ್ ಕಟ್ಟಿಸಿದವರು ಕಟ್ಟಡಕ್ಕೂ ವಿಮೆ ಮಾಡಿಸಬೇಕು. ಗುತ್ತಿಗೆ ಮುಗಿದ ಮೇಲೆ ಆ ಕಟ್ಟಡ ನಿಲ್ದಾಣಕ್ಕೇ ಸೇರುವ ಕರಾರುಗಳು ಬಹಳ. ಇನ್ನೊಬ್ಬರ ವಿಮಾನವನ್ನು ತನ್ನ ವಶದಲ್ಲಿಟ್ಟು ನೋಡಿಕೊಳ್ಳುವ ವ್ಯಾಪಾರಿಗಳಿಗೆ ‘ಹ್ಯಾಂಗರ್‌ಕೀಪರ್’ ವಿಮೆ ಎಂಬುದು ಪ್ರತ್ಯೇಕವಾಗಿದೆ. ಬಾಡಿಗೆ ಹಂಚಿಕೊಳ್ಳಲು ಸ್ನೇಹಿತನ ವಿಮಾನಕ್ಕೆ ಜಾಗ ಕೊಟ್ಟ ಖಾಸಗಿ ಮಾಲೀಕನಿಗೆ ಇದು ಇರುವುದಿಲ್ಲ, ನೂಕುವಾಗ ಆ ವಿಮಾನದ ಬಾಲ ಬಾಗಿಲಿಗೆ ತಾಗಿದರೆ ಆಗ ಸಂಕಟ.

ಪಾಲಿಸಿ ಚಾಲ್ತಿಯಲ್ಲಿದ್ದ ಮಾತ್ರಕ್ಕೆ ಕ್ಲೇಮು ಸಲ್ಲುತ್ತದೆಂಬ ಖಾತರಿಯಿಲ್ಲ. ಹೆಸರಿಸಿದ ಪೈಲಟ್‌ಗಳು ಅಥವಾ ಪಾಲಿಸಿ ಹೇಳುವಷ್ಟು ಗಂಟೆಗಳ ಹಾರಾಟದ ಅನುಭವ ಇರುವವರು ಮಾತ್ರ ಹಾರಿಸಬೇಕು. ವಿಮಾನದ ವಾರ್ಷಿಕ ತಪಾಸಣೆ ಮುಗಿದಿರಬೇಕು, ಪೈಲಟ್‌ನ ವೈದ್ಯಕೀಯ ಅರ್ಹತೆಯೂ 24 ತಿಂಗಳಿಗೊಮ್ಮೆ ಶಿಕ್ಷಕರ ಜೊತೆ ಮಾಡಬೇಕಾದ ಮರುಪರಿಶೀಲನೆಯೂ ಬಾಕಿಯಿರಬಾರದು. ಇವುಗಳಲ್ಲಿ ಒಂದು ತಪ್ಪಿದರೂ ಕಂಪನಿ ಕ್ಲೇಮನ್ನು ತಿರಸ್ಕರಿಸಬಹುದು. ಆ ಲೋಪವೇ ಅವಘಡಕ್ಕೆ ಕಾರಣವಾಗಿರಬೇಕೆ ಎಂಬ ಪ್ರಶ್ನೆಗೆ ಉತ್ತರ ರಾಜ್ಯದಿಂದ ರಾಜ್ಯಕ್ಕೆ ಬೇರೆ.

ನಿಲ್ದಾಣ ಮನಬಂದಷ್ಟು ವಿಮೆ ಕೇಳಬಹುದೇ ಎಂದರೆ, ಕೇಂದ್ರದ ಅನುದಾನ ಪಡೆದ ನಿಲ್ದಾಣಗಳಿಗೆ ಕಡಿವಾಣವಿದೆ. ಅನುದಾನದ ಷರತ್ತುಗಳಲ್ಲಿ 22ನೆಯದರ ಪ್ರಕಾರ ನಿಲ್ದಾಣವು ಎಲ್ಲ ಬಗೆಯ ವಾಯುಯಾನ ಬಳಕೆದಾರರಿಗೆ ನ್ಯಾಯಸಮ್ಮತವಾದ, ಅನ್ಯಾಯದ ತಾರತಮ್ಯವಿಲ್ಲದ ನಿಬಂಧನೆಗಳ ಮೇಲೆ ತೆರೆದಿರಬೇಕು. ಒಂದೇ ಬಗೆಯ ಬಾಡಿಗೆದಾರರಲ್ಲಿ ಒಬ್ಬನಿಂದ 10 ಲಕ್ಷ, ಇನ್ನೊಬ್ಬನಿಂದ 50 ಲಕ್ಷ ಡಾಲರ್ ವಿಮೆ ಕೇಳಿದರೆ, ಅಥವಾ ಸಣ್ಣ ವಿಮಾನಗಳಿಗೆ ಮಾರುಕಟ್ಟೆಯಲ್ಲಿ ಸಿಗದಷ್ಟು ಮೊತ್ತ ನಿಗದಿಪಡಿಸಿ ಅವುಗಳ ಮಾಲೀಕರನ್ನು ಹೊರದಬ್ಬಲು ನೋಡಿದರೆ, ಮೊದಲು ಎಫ್‌ಎಎಯ ಸ್ಥಳೀಯ ಕಚೇರಿಗೆ ಅನೌಪಚಾರಿಕವಾಗಿ, ಆಮೇಲೆ ನಿಯಮಾವಳಿಯ 16ನೇ ಭಾಗದಡಿ ವಿಧಿವತ್ತಾಗಿ ದೂರು ಕೊಡಬಹುದು. ಸಾಧಾರಣ ಮೊತ್ತದ ವಿಮೆ ಕೇಳುವುದನ್ನು ನಿಲ್ದಾಣದ ಹಕ್ಕೆಂದೇ ಪರಿಗಣಿಸುವುದರಿಂದ ಇಂಥ ದೂರಿನಲ್ಲಿ ಗೆಲ್ಲುವುದು ಸುಲಭವಲ್ಲ. ಖಾಸಗಿ ಒಡೆತನದ, ಅನುದಾನ ಪಡೆಯದ ಏರ್‌ಸ್ಟ್ರಿಪ್‌ಗಳಿಗೆ ಈ ಕಟ್ಟುಪಾಡೂ ಇಲ್ಲ.

ಯುರೋಪಿನ ಒಕ್ಕೂಟ ಅಮೆರಿಕದ ಈ ಪದ್ಧತಿಗೆ ವಿರುದ್ಧ ದಾರಿ ಹಿಡಿದಿದೆ. ಅಲ್ಲಿ 2004ರ 785ನೇ ಸಂಖ್ಯೆಯ ನಿಯಮ ವಿಮಾನದ ಗರಿಷ್ಠ ಟೇಕಾಫ್ ತೂಕಕ್ಕೆ ತಕ್ಕಂತೆ ಕನಿಷ್ಠ ಥರ್ಡ್ ಪಾರ್ಟಿ ವಿಮೆಯನ್ನು ಗೊತ್ತುಮಾಡುತ್ತದೆ. ಲೆಕ್ಕ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಎಸ್‌ಡಿಆರ್ ಎಂಬ ಮಾನದಲ್ಲಿ: 500 ಕಿಲೋ ಒಳಗಿನದಕ್ಕೆ 7.5 ಲಕ್ಷ, 1,000 ಕಿಲೋ ಒಳಗಿನದಕ್ಕೆ 15 ಲಕ್ಷ, 2,700 ಕಿಲೋ ಒಳಗಿನದಕ್ಕೆ 30 ಲಕ್ಷ. ಸೆಸ್ನಾ 172 ಬರುವುದು ಈ ಮೂರನೆಯ ವರ್ಗದಲ್ಲಿ. ಪ್ರಯಾಣಿಕರಿಗೆ ತಲಾ 2.5 ಲಕ್ಷ ಎಂಬುದು ಸಾಮಾನ್ಯ ನಿಯಮ. 2,700 ಕಿಲೋವರೆಗಿನ ವಾಣಿಜ್ಯೇತರ ವಿಮಾನಗಳಿಗೆ ಸದಸ್ಯ ದೇಶಗಳು ಅದನ್ನು 1 ಲಕ್ಷದವರೆಗೆ ಇಳಿಸಬಹುದು. ಯುದ್ಧ, ಭಯೋತ್ಪಾದನೆ, ಅಪಹರಣಗಳಿಂದಾಗುವ ಹಾನಿಯೂ ಸಾಮಾನ್ಯವಾಗಿ ಈ ವಿಮೆಯೊಳಗೆ ಸೇರಿರಬೇಕು. ವಿಮೆಯಿಲ್ಲದ ವಿದೇಶಿ ವಿಮಾನಕ್ಕೆ ಇಳಿಯಲು ಅನುಮತಿ ನಿರಾಕರಿಸುವ ಅಧಿಕಾರವೂ ಸದಸ್ಯ ದೇಶಗಳಿಗಿದೆ.