ಒಂಬತ್ತು ಮನೆಯ ಆಟ

ಅಡ್ಡಕ್ಕೆ ಎರಡು ಗೆರೆ, ಉದ್ದಕ್ಕೆ ಎರಡು ಗೆರೆ. ಒಬ್ಬರಿಗೆ ಸೊನ್ನೆ, ಇನ್ನೊಬ್ಬರಿಗೆ ಇಂಟು. ಮೂರನ್ನು ಒಂದೇ ಸಾಲಿಗೆ ತಂದವರು ಗೆದ್ದರು. ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಈ ಆಟವಾಡಿ ಮೇಷ್ಟ್ರಿಂದ ಬೈಸಿಕೊಳ್ಳದವರು ನಮ್ಮಲ್ಲಿ ಯಾರಿದ್ದಾರೆ? ಈಗಿನ ಮಕ್ಕಳು ಮೊಬೈಲಿಗೆಂದು ಮಾಡಿದ ಇದೇ ಆಟವನ್ನು ಮನೆಯ ಕಂಪ್ಯೂಟರಿಗೂ ಹಾಕಿಕೊಂಡುಬಿಡುತ್ತಾರೆ. ಒಲೆಯ ಮೇಲಿಟ್ಟ ಹಾಲು ಉಕ್ಕುವಷ್ಟು ಹೊತ್ತೂ ಬೇಡ. "ಅಷ್ಟು ದುಡ್ಡು ಸುರಿದು ತಂದದ್ದು ಇದಕ್ಕಾ?" ಎಂದು ಗೊಣಗುವ ಹಿರಿಯರು ಎಲ್ಲ ಮನೆಗಳಲ್ಲೂ ಇರುತ್ತಾರೆ. ಅವರಿಗೊಂದು ಹಳೆಯ ಸಂಗತಿ ಹೇಳಬೇಕು.

ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಮಾರಿಸ್ ವಿಲ್ಕ್ಸ್ ಮತ್ತು ಸಂಗಡಿಗರು ಕಟ್ಟಿದ ಎಡ್ಸ್ಯಾಕ್ ಎಂಬ ಕಂಪ್ಯೂಟರ್ 1949ರ ಮೇ 6ರಂದು ಮೊದಲ ಲೆಕ್ಕ ಮಾಡಿತು. ಒಂದು ಕೋಣೆ ತುಂಬುವ ಯಂತ್ರ ಅದು. ಸುಮಾರು 3000 ವಾಲ್ವುಗಳು. ಹಳೆಯ ರೇಡಿಯೋದೊಳಗೆ ಕೆಂಪಗೆ ಕಾಯುತ್ತಿದ್ದವಲ್ಲ, ಅಂಥವೇ. ನೆನಪಿಟ್ಟುಕೊಳ್ಳಲು ಪಾದರಸದ ಕೊಳವೆಗಳು. ಮಾಡಬೇಕಾದ ಕೆಲಸವನ್ನು ಕಾಗದದ ಪಟ್ಟಿಯ ಮೇಲೆ ತೂತು ಕೊರೆದು ತಿಳಿಸಬೇಕಿತ್ತು. ಮುಂದೆ ಜಾಯ್ಸ್ ವೀಲರ್ ಎಂದು ಹೆಸರಾದ ತರುಣಿ ನಕ್ಷತ್ರಗಳ ಒಡಲಿನ ಲೆಕ್ಕ ಮಾಡಿದ್ದು ಇದರಲ್ಲೇ.

ಅಂಥ ಯಂತ್ರಕ್ಕೆ 1952ರಲ್ಲಿ ಎ. ಎಸ್. ಡಗ್ಲಸ್ ಎಂಬ ಸಂಶೋಧನಾ ವಿದ್ಯಾರ್ಥಿ ನಮ್ಮ ಸೊನ್ನೆ-ಇಂಟು ಆಟ ಹಾಕಿದರು! ಅದೂ ತಮ್ಮ ಡಾಕ್ಟರೇಟ್ ಪ್ರಬಂಧಕ್ಕಾಗಿ. ಮನುಷ್ಯನೂ ಕಂಪ್ಯೂಟರೂ ಒಬ್ಬರಿಗೊಬ್ಬರು ಉತ್ತರ ಕೊಡುತ್ತಾ ಕೆಲಸ ಮಾಡುವುದು ಹೇಗೆ ಎಂಬುದು ಅವರ ವಿಷಯ. ಅದಕ್ಕೆ ಉದಾಹರಣೆಯಾಗಿ ಈ ಆಟ. ಟೆಲಿಫೋನಿನ ತಿರುಗುವ ಡಯಲಿನಲ್ಲಿ ಒಂದರಿಂದ ಒಂಬತ್ತರವರೆಗಿನ ಅಂಕಿ ತಿರುಗಿಸಿದರೆ ಆ ಮನೆಗೆ ನಿಮ್ಮ ಗುರುತು ಬೀಳುತ್ತದೆ. ಅಗಲಕ್ಕೆ 35, ಎತ್ತರಕ್ಕೆ 16 ಚುಕ್ಕೆಗಳಷ್ಟೇ ಇದ್ದ ಪರದೆಯಲ್ಲಿ ಚಿತ್ರ ಮೂಡುತ್ತದೆ. ಚುಕ್ಕೆ ರಂಗೋಲಿ ಹಾಕುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಡಗ್ಲಸರ ಪ್ರಶ್ನೆ ಎಷ್ಟು ದೊಡ್ಡದೆಂದು ನನಗೆ ಗೊತ್ತಾದದ್ದು ನನ್ನ ಓರಗಿತ್ತಿಯಿಂದ. ಎರಡು ವರ್ಷ ಆಕೆ ಕಂಪ್ಯೂಟರಿನ ಧೂಳು ಒರೆಸಿದಳು, ಕಸೂತಿ ಹಾಕಿದ ಬಟ್ಟೆ ಹೊದಿಸಿದಳು. ಒಂದು ಗುಂಡಿ ಒತ್ತಲಿಲ್ಲ. "ಮುಟ್ಟಿದರೆ ಕೆಟ್ಟೀತು" ಎಂದು ಮನೆಯ ಗಂಡಸರು ಹೇಳಿದ್ದರು. ಮಗಳು ಈ ಆಟ ಹಾಕಿಕೊಟ್ಟ ಮಧ್ಯಾಹ್ನ ಮೂರು ಸಲ ಸೋತಳು, ನಾಲ್ಕನೆಯದು ಸಮ ಮಾಡಿದಳು. ಯಂತ್ರವೇನೂ ಕೆಡಲಿಲ್ಲ. ಈಗ ಮಹಿಳಾ ಸಂಘದ ಜಮಾ-ಖರ್ಚು ಅದರಲ್ಲೇ ಬರೆಯುತ್ತಾಳೆ. ಗಂಡಸರು ಏನಾದರೂ ಕೇಳಬೇಕಾದರೆ ಅವಳನ್ನೇ ಕೇಳುತ್ತಾರೆ.

ಕಂಪ್ಯೂಟರೇ ಇಲ್ಲದೆ ಈ ಆಟ ಆಡಿಸಿದವರೂ ಇದ್ದಾರೆ. ಯುದ್ಧಕಾಲದಲ್ಲಿ ಬ್ಲೆಚ್ಲಿ ಪಾರ್ಕಿನಲ್ಲಿ ಶತ್ರುಗಳ ಗುಪ್ತಲಿಪಿ ಒಡೆಯುವ ಕೆಲಸದಲ್ಲಿದ್ದ ಡೊನಾಲ್ಡ್ ಮಿಕಿ 1961ರಲ್ಲಿ ಬೆಂಕಿಪೊಟ್ಟಣಗಳನ್ನೇ ಜೋಡಿಸಿದರು. ಆಟದ ಒಂದೊಂದು ಸ್ಥಿತಿಗೆ ಒಂದೊಂದು ಪೊಟ್ಟಣ. ರಂಗೋಲಿಯನ್ನು ಯಾವ ಕಡೆ ನಿಂತು ನೋಡಿದರೂ ಅದೇ ರಂಗೋಲಿಯಲ್ಲವೆ? ಹಾಗೆ ತಿರುಗಿಸಿದರೆ ಒಂದೇ ಆಗುವವನ್ನು ಕೂಡಿಸಿ ಸುಮಾರು 300ರಲ್ಲಿ ಮುಗಿಸಿದರು. ಒಳಗೆ ಬಣ್ಣಬಣ್ಣದ ಮಣಿ. ಒಂದು ಬಣ್ಣಕ್ಕೆ ಒಂದು ಮನೆ. ಪೊಟ್ಟಣ ಅಲ್ಲಾಡಿಸಿ, ಬಂದ ಮಣಿಯ ಮನೆಯಲ್ಲಿ ಆಡುವುದು. ಸೋತರೆ ಆ ಮಣಿಗಳನ್ನು ತೆಗೆದುಬಿಡುವುದು, ಗೆದ್ದರೆ ಅದೇ ಬಣ್ಣದವು ಇನ್ನಷ್ಟು ಸೇರಿಸುವುದು. ಆಡುತ್ತಾ ಆಡುತ್ತಾ ಪೊಟ್ಟಣಗಳು ಆಟ ಕಲಿತವು! ಇಂದು ಯಂತ್ರಕ್ಕೆ ಬುದ್ಧಿ ಕಲಿಸುತ್ತೇವೆನ್ನುವವರು ಈ ಪೊಟ್ಟಣಗಳನ್ನು ನೆನೆಯುತ್ತಾರೆ.

ಎಡ್ಸ್ಯಾಕ್ 1958ರಲ್ಲಿ ಕೆಲಸ ನಿಲ್ಲಿಸಿತು. ಅಂಥದ್ದು ಇನ್ನೊಂದಿರಲಿಲ್ಲವಾದ್ದರಿಂದ ಡಗ್ಲಸರ ಆಟ ಇನ್ನೊಂದು ಮನೆಗೆ ಹೋಗುವಂತೆಯೂ ಇರಲಿಲ್ಲ. ಬಹಳ ವರ್ಷಗಳ ನಂತರ ವಾರಿಕ್ ವಿಶ್ವವಿದ್ಯಾಲಯದ ಮಾರ್ಟಿನ್ ಕ್ಯಾಂಪ್‌ಬೆಲ್-ಕೆಲಿ, ಸಾಮಾನ್ಯ ಕಂಪ್ಯೂಟರೇ ಎಡ್ಸ್ಯಾಕಿನ ವೇಷ ಹಾಕುವಂಥ ಪ್ರೋಗ್ರಾಮ್ ಬರೆದರು. ಅದನ್ನು ಹಾಕಿಕೊಂಡರೆ ಪರದೆಯ ಮೇಲೆ ಆ ಡಯಲೂ ಬರುತ್ತದೆ, ಚುಕ್ಕೆಯ ಮನೆಗಳೂ ಬರುತ್ತವೆ. ಯಾರು ಮೊದಲು ಆಡಬೇಕೆಂಬುದನ್ನು ಮಾತ್ರ ನೀವೇ ಹೇಳಬೇಕು.