ಇಮ್ಮಡಿಯ ಮಿತಿ: ಕೃಷ್ಣಾ ತೀರದ ಸಾಲಗಾರನೂ ರೋಮಿನ ನ್ಯಾಯವೂ

ಸಾವಕಾರನು ದಾವೆ ಹೂಡಿದಾಗ ಸಾಲಗಾರನು ಯಾವ ತಕರಾರು ಎತ್ತಬಹುದು, ಅದನ್ನು ರುಜುವಾತುಪಡಿಸುವ ಹೊಣೆ ಯಾರದು ಎಂಬ ಎರಡು ಪ್ರಶ್ನೆಗಳು ಶಿರಗುಪ್ಪಿ, ಅಥಣಿ, ಚಿಕ್ಕೋಡಿ ಸೀಮೆಯ ಸಾಲದ ಇತಿಹಾಸವನ್ನು ಬಹುಮಟ್ಟಿಗೆ ರೂಪಿಸಿವೆ. ಬೆಳಗಾವಿ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದರಿಂದ ಅಲ್ಲಿಯ ಹೈಕೋರ್ಟಿನ ತೀರ್ಪುಗಳೇ ಇಲ್ಲಿಗೂ ಆಧಾರವಾಗಿದ್ದವು. ನೆರೆಯ ರಾಯಬಾಗ ಮಾತ್ರ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿದ್ದು, ಬ್ರಿಟಿಷರ ಕಾಯಿದೆಗಳು ಅದರ ಗಡಿಯಲ್ಲೇ ನಿಲ್ಲುತ್ತಿದ್ದವು.

ಆ ತೀರ್ಪುಗಳು ಎತ್ತಿಹಿಡಿದ ಹಳೆಯ ನಿಯಮಗಳಲ್ಲಿ ದಾಮದುಪಟ್ ಮುಖ್ಯವಾದುದು. ಒಂದೇ ಸಲಕ್ಕೆ ವಸೂಲು ಮಾಡುವ ಬಾಕಿ ಬಡ್ಡಿ ಅಸಲಿನ ಮೊತ್ತವನ್ನು ಮೀರಕೂಡದೆಂಬ ಈ ನಿಯಮದ ಮೂಲ ಧರ್ಮಶಾಸ್ತ್ರಗಳಲ್ಲಿದ್ದು, ಮನುಸ್ಮೃತಿಯ ಎಂಟನೆಯ ಅಧ್ಯಾಯವೂ ಇದನ್ನು ಹೇಳುತ್ತದೆ. 1855ರ ಕಾಯಿದೆ ಬಡ್ಡಿದರದ ಮೇಲಿನ ಹಳೆಯ ನಿರ್ಬಂಧಗಳನ್ನು ತೆಗೆದುಹಾಕಿದರೂ, ಹಿಂದೂ ಸಾಲಗಾರರಿಗೆ ದಾಮದುಪಟ್ ಉಳಿದಿದೆಯೆಂದೇ ಮುಂಬಯಿ ಹೈಕೋರ್ಟು ತೀರ್ಮಾನಿಸಿತು.

ಇದೇ ಮಿತಿ ರೋಮನ್ ನ್ಯಾಯದಲ್ಲಿಯೂ ಇತ್ತು. ಅಲ್ಲಿಯೂ ಮೊದಲು ಬಾಕಿ ಬಡ್ಡಿಯನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಿದ್ದರು. ಆರನೆಯ ಶತಮಾನದಲ್ಲಿ ಜಸ್ಟಿನಿಯನ್ ಚಕ್ರವರ್ತಿ ಆಗಲೇ ಸಂದಾಯವಾದ ಬಡ್ಡಿಯನ್ನೂ ಸೇರಿಸಿ, ಒಟ್ಟು ಮೊತ್ತ ಅಸಲಿಗೆ ಸಮವಾದೊಡನೆ ಬಡ್ಡಿ ನಿಲ್ಲಬೇಕೆಂದು ವಿಧಿಸಿದನು. ದಾಮದುಪಟ್ ಅಷ್ಟು ದೂರ ಹೋಗಲಿಲ್ಲ. ವರ್ಷವರ್ಷವೂ ಬಡ್ಡಿ ತೆತ್ತವನು ಒಟ್ಟಾರೆ ಅಸಲಿನ ಮೂರು ಪಟ್ಟು ಕೊಟ್ಟಿದ್ದರೂ ಅವನಿಗೆ ಈ ನಿಯಮದಿಂದ ಪ್ರಯೋಜನವಿರಲಿಲ್ಲ.

ಎರಡನೆಯ ಕೊರತೆ ಕಾಲಮಿತಿಯ ಕಾಯಿದೆಯಿಂದ ಬಂದಿತು. ನೋಂದಣಿಯಾಗದ ಸಾಲಪತ್ರದ ಮೇಲೆ ಮೂರು ವರ್ಷದೊಳಗೆ ದಾವೆ ಹೂಡಬೇಕೆಂದು 1859ರ ಕಾಯಿದೆ ಗೊತ್ತುಪಡಿಸಿದ್ದು ಸಾಲಗಾರನ ರಕ್ಷಣೆಗಾಗಿ. ಆದರೆ ಅವಧಿ ಮುಗಿಯುವ ಮೊದಲೇ ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಪತ್ರ ಬರೆಸಿಕೊಳ್ಳಲು ಸಾವಕಾರನಿಗೆ ಅದೇ ನೆಪವಾಯಿತು. ವರ್ಷಕ್ಕೆ ನೂರಕ್ಕೆ 24ರಂತೆ 100 ರೂಪಾಯಿ ಸಾಲವಿತ್ತೆಂದು ಇಟ್ಟುಕೊಂಡರೆ, ಮೂರು ವರ್ಷದ ಬಡ್ಡಿ 72 ರೂಪಾಯಿ ಸೇರಿ ಹೊಸ ಪತ್ರದ ಅಸಲು 172 ಆಗುತ್ತದೆ, ಮತ್ತೆ ಮೂರು ವರ್ಷಕ್ಕೆ ಬಾಕಿ 296ರ ಸಮೀಪ ಬರುತ್ತದೆ. ಮೊದಲ ಪತ್ರವೇ ಉಳಿದಿದ್ದರೆ 200ಕ್ಕೆ ತಡೆ ಬೀಳುತ್ತಿತ್ತು. ಈಗ ಬಡ್ಡಿ ಹೊಸ ಅಸಲಿಗಿಂತ ಕಡಿಮೆಯಿರುವುದರಿಂದ ದಾಮದುಪಟ್ ತಕರಾರಿಗೆ ಎಡೆಯೇ ಇಲ್ಲ.

1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆಯಲ್ಲಿ ಆರಂಭವಾದ ದಂಗೆಯಲ್ಲಿ ರೈತರು ಸಾವಕಾರರ ಸಾಲಪತ್ರಗಳನ್ನೇ ಹುಡುಕಿ ಸುಟ್ಟದ್ದಕ್ಕೆ ಇಂಥ ಲೆಕ್ಕಗಳೇ ಕಾರಣ. ಅದರ ಫಲವಾಗಿ ಬಂದ 1879ರ ದಖ್ಖನ್ ರೈತರ ಪರಿಹಾರ ಕಾಯಿದೆ ಮೊದಲು ನಾಲ್ಕು ಜಿಲ್ಲೆಗಳಿಗೆ ಅನ್ವಯಿಸಿ, ಮುಂದೆ ಪ್ರಾಂತ್ಯದ ಉಳಿದ ಭಾಗಗಳಿಗೂ ವಿಸ್ತರಿಸಿತು. ಸಾಲಗಾರನು ಪತ್ರವನ್ನು ಒಪ್ಪಿಕೊಂಡರೂ ನ್ಯಾಯಾಲಯವು ವ್ಯವಹಾರದ ಆರಂಭದಿಂದ ವಿಚಾರಣೆ ನಡೆಸಬೇಕು, ಅಸಲು ಬಡ್ಡಿಗಳ ಲೆಕ್ಕ ಬೇರೆಬೇರೆಯಾಗಿರಬೇಕು, ಅಸಲಿಗೆ ಸೇರಿಸಿದ ಬಡ್ಡಿಯನ್ನು ಸಾಮಾನ್ಯವಾಗಿ ಅಸಲೆಂದು ಎಣಿಸಬಾರದು, ಹಣದ ಡಿಕ್ರಿಗಾಗಿ ರೈತನನ್ನು ಸೆರೆಗೆ ಹಾಕಬಾರದು ಎಂದು ಅದು ಹೇಳಿತು. ರೋಮಿನಲ್ಲಿಯೂ ಪತ್ರ ಬರೆದುಕೊಟ್ಟರೂ ಹಣ ಕೈಗೆ ಬರಲಿಲ್ಲವೆಂಬ ತಕರಾರಿಗೆ ಮೂರನೆಯ ಶತಮಾನದ ಹೊತ್ತಿಗೆ ಮಾನ್ಯತೆಯಿತ್ತು. ಅದನ್ನು ಗೊತ್ತಾದ ಅವಧಿಯೊಳಗೆ ಎತ್ತಿದರೆ, ಹಣ ಎಣಿಸಿಕೊಟ್ಟದ್ದನ್ನು ಸಾಲ ಕೊಟ್ಟವನೇ ರುಜುವಾತುಪಡಿಸಬೇಕಾಗಿತ್ತು.

ರೋಮನ್ ಪರಂಪರೆಯ ಇಂದಿನ ಸಂಹಿತೆಗಳಿಗೂ ಭಾರತದ ಕಾಯಿದೆಗೂ ಇರುವ ವ್ಯತ್ಯಾಸ ಕಾಲಮಿತಿಯಲ್ಲಿ ಸ್ಪಷ್ಟವಾಗುತ್ತದೆ. ಫ್ರಾನ್ಸಿನಲ್ಲಿ ಅವಧಿ ಮೀರಿತೆಂಬ ತಕರಾರನ್ನು ಪ್ರತಿವಾದಿಯೇ ಎತ್ತಬೇಕು, ನ್ಯಾಯಾಧೀಶರು ತಾವಾಗಿ ಎತ್ತುವಂತಿಲ್ಲ; ಭಾರತದ 1963ರ ಕಾಯಿದೆಯ 3ನೆಯ ಕಲಮಿನಂತೆ ಪ್ರತಿವಾದಿ ಸುಮ್ಮನಿದ್ದರೂ ಅವಧಿ ಮೀರಿದ ದಾವೆಯನ್ನು ನ್ಯಾಯಾಲಯ ವಜಾ ಮಾಡಲೇಬೇಕು. ಡಿಕ್ರಿಯಾದ ಮೇಲೂ ರೈತನ ಬೇಸಾಯದ ಸಲಕರಣೆ, ಅವಶ್ಯವಾದ ಎತ್ತು, ಬಿತ್ತನೆಯ ಕಾಳುಗಳನ್ನು ಜಪ್ತಿ ಮಾಡದಂತೆ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ತಡೆಯುತ್ತದೆ. ಓದುಬರಹ ಬಾರದ ಸಾಲಗಾರನಿಗೆ, ತಾನೇ ಎತ್ತಿ ತಾನೇ ರುಜುವಾತುಪಡಿಸಬೇಕಾದ ತಕರಾರಿಗಿಂತ, ನ್ಯಾಯಾಲಯ ತಾನಾಗಿ ಗಮನಿಸಬೇಕಾದ ತಕರಾರೇ ಹೆಚ್ಚಿನ ರಕ್ಷಣೆ ಕೊಟ್ಟಿದೆ.