ಸೂಜಿ ಯಾಕೆ ಸುಳ್ಳು ಹೇಳುತ್ತೆ? ಟೆಂಪರೇಚರ್ ಗೇಜಿನ ಒಂದೇ ಒಂದು ವೈರಿನ ಇತಿಹಾಸ

ಭಾಗ 1 👉

ಮೊದಲನೇ ಫೋಟೋ ಝೂಮ್ ಮಾಡಿ ನೋಡಿ. ಹಳೇ ಅಂಬಾಸಿಡರ್, ಒಳಗೆ ಬೇರೆ ಎಂಜಿನ್ ಕೂರಿಸಿದ್ದಾರೆ. ರೇಡಿಯೇಟರ್‌ನಿಂದ ಹಬೆ ಬರ್ತಿದೆ. ಗೇಜಿನ ಸೂಜಿ ಮಾತ್ರ ‘ಸಿ’ ಅಕ್ಷರದ ಮೇಲೆ ಆರಾಮಾಗಿ ಮಲಗಿದೆ, ಎಂಜಿನ್ ಇನ್ನೂ ತಣ್ಣಗಿದೆ ಅನ್ನೋ ಹಾಗೆ. ನಿಮ್ಮಲ್ಲಿ ಎಷ್ಟೋ ಜನ ಡಿಎಂ ಮಾಡಿ ಕೇಳಿದ್ರಿ, ‘ಗೇಜ್ ಹೋಗಿದೆಯಾ, ಹೊಸದು ಹಾಕ್ಸಬೇಕಾ?’ ಅಂತ. ತಡೀರಿ. ಗೇಜ್ ಬಿಚ್ಚೋಕೆ ಮುಂಚೆ ಅದರ ಇತಿಹಾಸ ಸ್ವಲ್ಪ ಕೇಳಿ. ಈ ಕಾರಿನ ಕಾಯಿಲೆ ಏನು ಅನ್ನೋದು ಅದರೊಳಗೇ ಇದೆ.

ಭಾಗ 2

ಮೊದಲು ಕಾರುಗಳಲ್ಲಿ ಗೇಜೇ ಇರಲಿಲ್ಲ ಗೊತ್ತಾ? 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ನೆನಪು ಮಾಡ್ಕೊಳ್ಳಿ. ಶುರುವಿನ ಕೆಲವು ಸಾವಿರ ಗಾಡಿ ಬಿಟ್ಟರೆ ಅದಕ್ಕೆ ವಾಟರ್ ಪಂಪ್ ಕೂಡ ಇರಲಿಲ್ಲ. ಬಿಸಿ ನೀರು ತಾನಾಗಿ ಮೇಲೆ ಹೋಗುತ್ತೆ, ರೇಡಿಯೇಟರ್‌ನಲ್ಲಿ ತಣ್ಣಗಾಗಿ ಕೆಳಗಿಳಿಯುತ್ತೆ, ಅಷ್ಟೇ. ಎಂಜಿನ್ ಕಾದಿದೆ ಅಂತ ಗೊತ್ತಾಗ್ತಿದ್ದದ್ದು ಹಬೆ ಎದ್ದಾಗ. ಅಂದ್ರೆ ಕೆಲಸ ಕೆಟ್ಟ ಮೇಲೆ.

ಅಮೆರಿಕದ ಹ್ಯಾರಿಸನ್ ಬಾಯ್ಸ್ ಎಂಬಾತ ಇದಕ್ಕೊಂದು ಉಪಾಯ ಕಂಡುಹಿಡಿದ. 1910ರ ದಶಕದ ಶುರುವಿನಲ್ಲಿ ಮಾರುಕಟ್ಟೆಗೆ ಬಂದ ಅವನ ‘ಮೋಟೋಮೀಟರ್’ ಅಂದ್ರೆ ರೇಡಿಯೇಟರ್ ಮುಚ್ಚಳದ ಮೇಲೆಯೇ ನಿಲ್ಲಿಸಿದ ಒಂದು ಥರ್ಮಾಮೀಟರ್. ಡ್ರೈವರ್ ಸೀಟಿನಲ್ಲಿ ಕೂತು ಬಾನೆಟ್ಟಿನ ಆಚೆ ಕೆಂಪು ಗೆರೆ ಎಲ್ಲಿಗೆ ಏರಿದೆ ಅಂತ ನೋಡೋದು. ವೈರ್ ಇಲ್ಲ, ಬ್ಯಾಟರಿ ಇಲ್ಲ. ಆದರೆ ಒಂದು ವಿಷಯ ಗಮನಿಸಿ: ಅದು ಅಳೀತಿದ್ದದ್ದು ನೀರಿನ ಬಿಸಿಯನ್ನಲ್ಲ, ನೀರಿನ ಮೇಲಿನ ಹಬೆಯ ಬಿಸಿಯನ್ನ. ‘ಅಳೆಯೋ ಜಾಗ ಸರಿ ಇದೆಯಾ?’ ಅನ್ನೋ ಪ್ರಶ್ನೆ ಅಲ್ಲಿಂದಲೇ ಶುರು. ಭಾಗ 7ರಲ್ಲಿ ಇದು ಬೇಕಾಗುತ್ತೆ, ಮರೀಬೇಡಿ.

ಭಾಗ 3

ಆಮೇಲೆ ಮೀಟರ್ ಒಳಗೆ, ಡ್ಯಾಶ್‌ಬೋರ್ಡಿಗೆ ಬಂತು. ಇದಕ್ಕೆ ಉಪಯೋಗಕ್ಕೆ ಬಂದದ್ದು ಕಾರಿಗಿಂತ ಹಳೇ ಐಡಿಯಾ. 1849ರಲ್ಲಿ ಫ್ರಾನ್ಸಿನ ಯೂಜೀನ್ ಬೂರ್ಡೋನ್ ಸ್ಟೀಮ್ ಎಂಜಿನ್ನಿನ ಒತ್ತಡ ಅಳೆಯೋಕೆ ಬಾಗಿದ ಚಪ್ಪಟೆ ನಳಿಕೆಗೆ ಪೇಟೆಂಟ್ ತಗೊಂಡಿದ್ದ. ಒಳಗೆ ಒತ್ತಡ ಹೆಚ್ಚಾದ್ರೆ ನಳಿಕೆ ನೆಟ್ಟಗಾಗೋಕೆ ನೋಡುತ್ತೆ, ಸೂಜಿ ತಿರುಗುತ್ತೆ. ಕಾರಿನವರು ಮಾಡಿದ್ದು ಇಷ್ಟು: ಎಂಜಿನ್ನಿನಲ್ಲಿ ಈಥರ್ ತುಂಬಿದ ಒಂದು ಬಲ್ಬ್, ಅಲ್ಲಿಂದ ಗೇಜಿನವರೆಗೆ ಕೂದಲಿನಷ್ಟು ಸಣ್ಣ ತೂತಿನ ತಾಮ್ರದ ಕೊಳವೆ. ನೀರು ಕಾದರೆ ಈಥರ್ ಆವಿಯಾಗಿ ಒತ್ತುತ್ತೆ.

ನಿಮ್ಮ ಕಾರಿನ ಗೇಜ್ ಹಿಂದಿನಿಂದ ವೈರ್ ಬದಲು ಗಟ್ಟಿ ಲೋಹದ ದಾರದಂಥದ್ದು ಬಂದಿದ್ರೆ ಅದು ಈ ಜಾತಿಯದ್ದು. ದಯವಿಟ್ಟು ಕತ್ತರಿಸಬೇಡಿ! ‘ವೈರ್ ಉದ್ದ ಆಯ್ತು’ ಅಂತ ಕಟ್ ಮಾಡಿ ಟೇಪ್ ಸುತ್ತಿದವರನ್ನ ನಾನು ಕಣ್ಣಾರೆ ನೋಡಿದ್ದೀನಿ. ಈಥರ್ ಹೋಯ್ತು, ಗೇಜ್ ಸತ್ತಿತು.

ಭಾಗ 4 (ಇದೇ ಮುಖ್ಯ, ಉದ್ದ ಇದೆ, ಓದಿ)

ಕೊಳವೆ ಬದಲು ವೈರ್ ಹೇಗೆ ಬಂತು? 1833ರಲ್ಲಿ ಮೈಕೆಲ್ ಫ್ಯಾರಡೆ ಒಂದು ವಿಚಿತ್ರ ನೋಡಿದ. ಲೋಹ ಕಾದರೆ ಕರೆಂಟ್ ಕಡಿಮೆ ಹರಿಯುತ್ತೆ, ಆದರೆ ಸಿಲ್ವರ್ ಸಲ್ಫೈಡ್ ಕಾದರೆ ಜಾಸ್ತಿ ಹರಿಯುತ್ತೆ. ಸುಮಾರು ನೂರು ವರ್ಷ ಅದಕ್ಕೆ ದೊಡ್ಡ ಕೆಲಸ ಸಿಗಲಿಲ್ಲ. ಆಮೇಲೆ ಅದೇ ಗುಣದ ವಸ್ತುಗಳಿಂದ ‘ಥರ್ಮಿಸ್ಟರ್’ ಮಾಡಿದ್ರು. ಎಂಜಿನ್ನಿಗೆ ತಿರುಗಿಸಿ ಕೂರಿಸೋ ಹಿತ್ತಾಳೆ ಸೆಂಡರ್ ಇದೆಯಲ್ಲ, ಅದರ ಹೊಟ್ಟೆಯಲ್ಲಿರೋದು ಇದೇ. ನೀರು ಬಿಸಿಯಾದಷ್ಟೂ ರೆಸಿಸ್ಟೆನ್ಸ್ ಇಳಿಯುತ್ತೆ.

ಗೇಜಿನೊಳಗೆ ಎರಡು ಲೋಹ ಅಂಟಿಸಿದ ಪಟ್ಟಿ, ಅದಕ್ಕೆ ಸುತ್ತಿದ ಹೀಟರ್ ತಂತಿ. ಕರೆಂಟ್ ಜಾಸ್ತಿ ಹರಿದ್ರೆ ಪಟ್ಟಿ ಹೆಚ್ಚು ಬಾಗುತ್ತೆ, ಸೂಜಿ ‘ಎಚ್’ ಕಡೆ ಹೋಗುತ್ತೆ. ಆದರೆ ಕಾರಿನ ವೋಲ್ಟೇಜ್ ಒಂದೇ ಸಮ ಇರಲ್ಲ. ಎಂಜಿನ್ ನಿಂತಾಗ 12ರ ಹತ್ತಿರ, ಓಡುವಾಗ 14ರ ಹತ್ತಿರ. ಹಾಗಾದ್ರೆ ರೇಸ್ ಕೊಟ್ಟಾಗೆಲ್ಲ ಸೂಜಿ ಏರಬೇಕಲ್ವಾ? ಅದಕ್ಕೇ 1960ರ ದಶಕದ ಬ್ರಿಟಿಷ್ ಕಾರುಗಳಲ್ಲಿ ಡ್ಯಾಶ್ ಹಿಂದೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಒಂದು ಡಬ್ಬಿ ಇಟ್ರು: ವೋಲ್ಟೇಜ್ ಸ್ಟೆಬಿಲೈಜರ್. ಅದರೊಳಗೂ ಕಾದು ಬಾಗೋ ಪಟ್ಟಿಯೇ. ಟಕ್ ಅಂತ ಆನ್, ಟಕ್ ಅಂತ ಆಫ್. ಸರಾಸರಿ 10 ವೋಲ್ಟ್. ಸೂಜಿ ನಿಧಾನ ಸ್ವಭಾವದ್ದು, ಈ ಮಿಣುಕಾಟ ಅದಕ್ಕೆ ಗೊತ್ತೇ ಆಗಲ್ಲ. ಅಮೆರಿಕದ ಫೋರ್ಡ್‌ಗಳಲ್ಲಿ ಇದೇ ಆಟ 5 ವೋಲ್ಟಿನಲ್ಲಿ.

ನನ್ನ ಪ್ರಕಾರ ಆ ಡಬ್ಬಿಯಷ್ಟು ಜಾಣ, ಅಗ್ಗದ ಪರಿಹಾರ ಕಾರಿನಲ್ಲಿ ಇನ್ನೊಂದಿಲ್ಲ. ಅತಿ ಹೆಚ್ಚು ಬೈಸಿಕೊಂಡಿರೋದೂ ಅದೇ. ಫ್ಯೂಯೆಲ್ ಗೇಜ್ ಕೂಡ ಅದರಿಂದಲೇ ಕರೆಂಟ್ ತಗೊಳ್ಳುತ್ತೆ. ಪೆಟ್ರೋಲ್, ಬಿಸಿ ಎರಡೂ ಒಟ್ಟಿಗೆ ಜಾಸ್ತಿ ತೋರಿಸ್ತಿದ್ರೆ ಸೆಂಡರ್ ಮುಟ್ಟಲೇಬೇಡಿ. ಸ್ಟೆಬಿಲೈಜರಿನ ಅರ್ತ್ ಬಿಟ್ಟುಹೋಗಿರುತ್ತೆ. ಅರ್ತ್ ಇಲ್ಲದಿದ್ರೆ ಒಳಗಿನ ಹೀಟರ್ ಕಾಯಲ್ಲ, ಕಾಂಟ್ಯಾಕ್ಟ್ ಬಿಡಲ್ಲ, ಪೂರ್ತಿ ವೋಲ್ಟೇಜ್ ಸೀದಾ ಗೇಜಿಗೆ.

ಭಾಗ 5

ಈಗ ನಮ್ಮ ಅಂಬಾಸಿಡರ್. ಮೂಲ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3, ತಯಾರಾದದ್ದು ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ, 2014ರಲ್ಲಿ ನಿಂತಿತು. ಹಳೆಯ 1489 ಸಿಸಿ ಪೆಟ್ರೋಲ್ ಎಂಜಿನ್ ತೆಗೆದು ಬೇರೆ ಎಂಜಿನ್ ಹಾಕೋದು ನಮ್ಮ ಗ್ಯಾರೇಜುಗಳಲ್ಲಿ ಹಳೇ ಪದ್ಧತಿ. ಮುಂದೆ ಕಂಪನಿಯೇ 1.8 ಲೀಟರಿನ ಇಸುಜು ಎಂಜಿನ್ ಹಾಕ್ತು.

ಎಂಜಿನ್ ಬದಲಾದಾಗ ಗೇಜಿಗೆ ಏನಾಗುತ್ತೆ? ಎರಡು ಪೆಟ್ಟು. ಒಂದು, ಹೊಸ ಎಂಜಿನ್ನಿನ ಸೆಂಡರಿಗೂ ಹಳೇ ಗೇಜಿಗೂ ಲೆಕ್ಕ ಕೂಡಲ್ಲ. ಇಬ್ಬರೂ ಬೇರೆ ಬೇರೆ ಭಾಷೆ ಮಾತಾಡ್ತಾರೆ. ಸೂಜಿ ಕೆಲಸ ಮಾಡುತ್ತೆ, ಹೇಳೋದೆಲ್ಲ ತಪ್ಪು. ಗೇಜ್, ಸೆಂಡರ್ ಯಾವಾಗಲೂ ಜೋಡಿಯಾಗಿರಬೇಕು.

ಎರಡನೇದು ಅರ್ತ್. ಸೆಂಡರಿಗೆ ಒಂದೇ ವೈರ್ ಯಾಕೆ? ವಾಪಸ್ ದಾರಿ ಎಂಜಿನ್ನಿನ ಮೈಯೇ. ಆದರೆ ಎಂಜಿನ್ ಕೂತಿರೋದು ರಬ್ಬರ್ ಮೌಂಟಿಂಗ್ ಮೇಲೆ, ರಬ್ಬರಿನಲ್ಲಿ ಕರೆಂಟ್ ಹರಿಯಲ್ಲ. ಎಂಜಿನ್ನಿನಿಂದ ಬಾಡಿಗೆ ಹೋಗೋ ಆ ಹೆಣೆದ ಪಟ್ಟಿಯನ್ನ ಎಂಜಿನ್ ಇಳಿಸುವಾಗ ಬಿಚ್ತಾರೆ, ಹತ್ತಿಸುವಾಗ ಮರೀತಾರೆ. ಆಗ ಕರೆಂಟ್ ಚೋಕ್ ಕೇಬಲ್ಲೋ ಆಕ್ಸಿಲರೇಟರ್ ಕೇಬಲ್ಲೋ ಹಿಡ್ಕೊಂಡು ವಾಪಸ್ ಬರುತ್ತೆ. ಸೆಲ್ಫ್ ಹೊಡೆದಾಗ ಆ ಕೇಬಲ್ ಕೈ ಸುಡುವಷ್ಟು ಕಾಯುತ್ತೆ. ಗೇಜ್ ಸುಮ್ಮನೆ ಏನೇನೋ ತೋರಿಸ್ತಾ ಇರುತ್ತೆ. ಸೆಂಡರ್ ಮರೆಗೆ ದಪ್ಪಗೆ ಪ್ಲಂಬರ್ ಟೇಪ್ ಸುತ್ತೋದೂ ಇದೇ ಥರ ಕಾಟ ಕೊಡಬಹುದು.

ಭಾಗ 6: ಸರಿ, ರಿಪೇರಿ

ಎಂಜಿನ್ ತಣ್ಣಗಿರಲಿ. ಇಗ್ನಿಷನ್ ಆನ್, ಸ್ಟಾರ್ಟ್ ಬೇಡ. ಸೆಂಡರ್ ವೈರ್ ಬಿಚ್ಚಿ: ಸೂಜಿ ‘ಸಿ’ಯಲ್ಲೇ ಇರಬೇಕು. ಅದನ್ನ ಎಂಜಿನ್ ಲೋಹಕ್ಕೆ ಒಂದೆರಡು ಸೆಕೆಂಡ್ ಮುಟ್ಟಿಸಿ: ಸೂಜಿ ‘ಎಚ್’ ಕಡೆ ಏಳಬೇಕು. ಎದ್ದ ಕೂಡಲೇ ತೆಗೀರಿ, ಹಿಡಿದಿಟ್ರೆ ಗೇಜ್ ಸುಡಬಹುದು. ಎದ್ದರೆ ವೈರ್, ಗೇಜ್ ಎರಡೂ ಸರಿ, ತಪ್ಪು ಸೆಂಡರಿನದು. ಏಳದಿದ್ರೆ ಅದೇ ವೈರನ್ನ ಬ್ಯಾಟರಿಯ ಅರ್ತ್ ತುದಿಗೆ ಮುಟ್ಟಿಸಿ. ಈಗ ಎದ್ದರೆ ಎಂಜಿನ್ ಅರ್ತ್ ಹೋಗಿದೆ. ಆಗಲೂ ಏಳದಿದ್ರೆ ವೈರ್ ತುಂಡಾಗಿದೆ, ಇಲ್ಲ ಗೇಜಿಗೆ ಕರೆಂಟೇ ಬರ್ತಿಲ್ಲ. ಫ್ಯೂಸಿಂದ ಶುರು ಮಾಡಿ. ಫೋಟೋದ ಕಾರಿನಲ್ಲಿ ಇದೇ ಆಗಿದ್ದು: ಫೈರ್‌ವಾಲ್ ತೂತಿನಲ್ಲಿ ರಬ್ಬರ್ ಗ್ರೋಮೆಟ್ ಇರಲಿಲ್ಲ, ತಗಡು ವೈರನ್ನ ಕುಯ್ದಿತ್ತು. ಬ್ರಿಟಿಷ್ ಬಣ್ಣದ ಲೆಕ್ಕದಲ್ಲಿ ಹಸಿರು ಮೇಲೆ ನೀಲಿ ಗೆರೆ ಟೆಂಪರೇಚರ್ ವೈರ್, ಹಸಿರು ಮೇಲೆ ಕಪ್ಪು ಫ್ಯೂಯೆಲ್. ಮಾಡಿಫೈ ಆದ ಕಾರಿನಲ್ಲಿ ಬಣ್ಣ ನಂಬೋಕಾಗಲ್ಲ, ಮೀಟರ್ ಹಿಡಿದು ನೋಡಿ. ಹೊಸ ವೈರ್ ಎಳೆದ್ರೆ ಎಕ್ಸಾಸ್ಟ್‌ನಿಂದ ದೂರ, ಗ್ರೋಮೆಟ್ ಒಳಗಿಂದ. ಕೈಯಲ್ಲಿ ತಿರುಚಿ ಟೇಪ್ ಹಾಕೋ ಪದ್ಧತಿ ಇಲ್ಲಿಗೇ ನಿಲ್ಲಲಿ.

ಸೆಂಡರ್ ಪರೀಕ್ಷೆಗೆ ಅಡುಗೆಮನೆ ಸಾಕು. ನೀರಿನಲ್ಲಿಟ್ಟು ಕಾಯಿಸ್ತಾ ಮಲ್ಟಿಮೀಟರ್ ನೋಡಿ, ಓಮ್ಸ್ ಒಂದೇ ಸಮ ಇಳೀಬೇಕು. ಬೆಂಗಳೂರಿನವರೇ, ನಿಮ್ಮಲ್ಲಿ ನೀರು 100ಕ್ಕಲ್ಲ, ಸುಮಾರು 97 ಡಿಗ್ರಿಗೇ ಕುದಿಯುತ್ತೆ. ನಾವಿರೋದು 900 ಮೀಟರ್ ಮೇಲೆ. ಹೋಲಿಸುವಾಗ ಆ 3 ಡಿಗ್ರಿ ಲೆಕ್ಕಕ್ಕಿರಲಿ.

ಭಾಗ 7

ಎಲ್ಲ ಸರಿಮಾಡಿದ ಮೇಲೂ ಒಂದು ಸಂದರ್ಭದಲ್ಲಿ ಸೂಜಿ ಮೋಸ ಮಾಡುತ್ತೆ. ಹೋಸ್ ಒಡೆದು ನೀರೆಲ್ಲ ಖಾಲಿಯಾದ್ರೆ ಸೆಂಡರ್ ಗಾಳಿಯಲ್ಲಿ ನೇತಾಡ್ತಿರುತ್ತೆ, ನೀರೇ ಮುಟ್ಟಲ್ಲ. ಎಂಜಿನ್ ಸುಡ್ತಿದ್ರೂ ಸೂಜಿ ಕೆಳಗಿಳೀಬಹುದು. ಬಾಯ್ಸನ ಹಳೇ ಪ್ರಶ್ನೆ ಮತ್ತೆ ಬಂತು ನೋಡಿ. ಶಿರಾಡಿ, ಚಾರ್ಮಾಡಿ ಹತ್ತುವಾಗ ಸೂಜಿ ಏರಿ, ಇದ್ದಕ್ಕಿದ್ದಂತೆ ಬಿದ್ರೆ ‘ಅಬ್ಬ, ತಣ್ಣಗಾಯ್ತು’ ಅನ್ಕೋಬೇಡಿ. ಸೈಡಿಗೆ ಹಾಕಿ, ಆಫ್ ಮಾಡಿ. ಮುಚ್ಚಳಕ್ಕೆ ಕೈ ಹಾಕಬೇಡಿ, ಎಂಜಿನ್ ಪೂರ್ತಿ ಆರೋವರೆಗೂ. ಒತ್ತಡದಲ್ಲಿರೋ ನೀರು ಮುಖಕ್ಕೇ ಹಾರುತ್ತೆ.

‘ನಮ್ಮ ಹೊಸ ಕಾರಿನಲ್ಲಿ ಸೂಜಿ ಯಾವಾಗಲೂ ನಡುವೆಯೇ ಇರುತ್ತಲ್ಲ’ ಅಂತ ಕೇಳಿದವರಿಗೆ: ಹೊಸ ಕಾರು ಎಷ್ಟೋ ಇವೆ, ಅವುಗಳಲ್ಲಿ ಸೂಜಿಯನ್ನ ಕಂಪ್ಯೂಟರ್ ನಡೆಸುತ್ತೆ. ಒಂದಷ್ಟು ಡಿಗ್ರಿ ಆಚೆ ಈಚೆ ಆದ್ರೂ ನೀವು ಗಾಬರಿಯಾಗದಿರಲಿ ಅಂತ ನಡುವೆಯೇ ಹಿಡಿದಿಡುತ್ತೆ. ನನಗಂತೂ ಏರಿಳಿಯೋ ಹಳೇ ಸೂಜಿಯೇ ಇಷ್ಟ. ಆ ಕಂಪ್ಯೂಟರಿನ ಸೆನ್ಸರ್‌ಗೇ ಹಳೇ ಗೇಜಿನ ವೈರ್ ಸಿಕ್ಕಿಸೋ ಐಡಿಯಾ ಮಾತ್ರ ಬೇಡ, ಎರಡರ ಲೆಕ್ಕವೂ ಕೆಡುತ್ತೆ. ಗೇಜಿಗೆ ಬೇರೆ ಸೆಂಡರ್ ಹಾಕ್ಸಿ.

#ಹಳೇಕಾರು #ಅಂಬಾಸಿಡರ್ #ವೈರಿಂಗ್‌ಕಥೆ